ಸೋಲ್ಡರಿಂಗ್ ಐರನ್ ಹುಡುಕಲು ಹೋಗಿ ಸೋಲ್ಡರ್ ಕಲಿತದ್ದು

ನಮಸ್ಕಾರ. ಕಿಟಕಿಯ ಆಚೆ ಸುರಿಯುತ್ತಿರುವುದು ಬೆಳಗಾವಿಯ ಜುಲೈ ಮಳೆ, ಈಚೆ ಮೇಲೇಳುತ್ತಿರುವುದು ರಾಳದ ಹೊಗೆ. ಇವೆರಡರ ನಡುವೆ ಕುಳಿತು, ನೀರಿನ ಟಾಕಿ ತುಂಬಿದ ಕೂಡಲೇ ಕೂಗಿ ಹೇಳುವ ಒಂದು ಅಲಾರ್ಮನ್ನು ಕಟ್ಟಲು ಹೊರಟಿದ್ದೇನೆ. ನಾಲ್ಕು ಬಿ.ಸಿ. 547 ಟ್ರಾನ್ಸಿಸ್ಟರ್, ನಾಲ್ಕು ಎಲ್‌ಇಡಿ, ಒಂದು ಬಝರ್, ಒಂದು ಹಿಡಿ ರೆಸಿಸ್ಟರ್, ಕಂದು ಬಣ್ಣದ, ಸಾಲು ತೂತುಗಳಿರುವ ಒಂದು ಝೀರೋ ಬೋರ್ಡ್. ಸಾಮಾನು ಇಷ್ಟೇ. ಯಾವ ಕಾಲು ಯಾವ ತೂತಿಗೆ ಹೋಗುತ್ತದೆ ಎಂಬುದು ಈ ವೀಡಿಯೊದ ಚಿತ್ರದಲ್ಲೇ ಕಾಣುತ್ತಿರುವುದರಿಂದ ಅದನ್ನು ನಾನು ಮತ್ತೆ ಹೇಳುವುದಿಲ್ಲ. ಇವತ್ತು ಹೇಳಬೇಕಾದದ್ದು ಕಾಯಿಸಲು ಯಾವ ಐರನ್ ಕೊಳ್ಳಬೇಕು, ಅದರ ಶಾಖಕ್ಕೆ ಕರಗಿ ಕಾಲುಗಳನ್ನು ಬೆಸೆಯುವ ಯಾವ ಸೋಲ್ಡರ್ ತಂತಿ ಕೊಳ್ಳಬೇಕು ಎಂಬ ವಿಷಯ. ಈ ಪ್ರಶ್ನೆಯ ಮೊದಲರ್ಧಕ್ಕೆ ನಾನು ಕೊಟ್ಟ ಮಹತ್ವ, ಕಳೆದುಕೊಂಡ ಹಣ ಎರಡೂ ಅಗತ್ಯಕ್ಕಿಂತ ಹೆಚ್ಚು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮೇಜಿನ ಎಡಗಡೆ ಇರುವುದು 25 ವಾಟಿನ ಸಾದಾ ಐರನ್. ಸೋಲ್ಡ್ರಾನ್ ಕಂಪನಿಯ ಈ ನಮೂನೆಯನ್ನು ನಮ್ಮಲ್ಲಿ ರೇಡಿಯೋ ಬಿಚ್ಚಿದವರೆಲ್ಲರೂ ಒಮ್ಮೆಯಾದರೂ ಹಿಡಿದಿರುತ್ತಾರೆ. ಒಳಗೆ ಸುತ್ತಿದ ಕಾಯಿಲ್, ಮುಂದೆ ಕಾದು ಬೆಸೆಯುವ ಒಂದು ಬಿಟ್, ಹಿಂದೆ ವೈರು. ಸ್ವಿಚ್ಚೂ ಇಲ್ಲ, ಶಾಖವನ್ನು ಅಳೆಯುವ ವ್ಯವಸ್ಥೆಯೂ ಇಲ್ಲ. ಕರೆಂಟ್ ಎಷ್ಟು ಬರುತ್ತದೆಯೋ ಅಷ್ಟು ಕಾಯುವುದು ಅದರ ಸ್ವಭಾವ. ನಮ್ಮ ಗಲ್ಲಿಯಲ್ಲಿ ಸಂಜೆ ಏಳರ ಹೊತ್ತಿಗೆ ಮಲ್ಟಿಮೀಟರ್ ಹಚ್ಚಿ ನೋಡಿದರೆ 230 ವೋಲ್ಟಿನ ಬದಲು 205 ತೋರಿಸಿತು. ವೋಲ್ಟೇಜ್ ಇಳಿದಂತೆ ವಾಟ್ ಅದರ ವರ್ಗದ ಪ್ರಮಾಣದಲ್ಲಿ ಇಳಿಯುವುದರಿಂದ 25 ವಾಟಿನ ಐರನ್ ಆ ಹೊತ್ತಿಗೆ ಸುಮಾರು 20 ವಾಟಿನದಾಗುತ್ತದೆ. ಅದೇ ಐರನ್ನನ್ನು ರಾತ್ರಿ ವೋಲ್ಟೇಜ್ ಏರಿದ ಮೇಲೆ ಅರ್ಧ ಗಂಟೆ ಸ್ಟ್ಯಾಂಡಿನಲ್ಲಿ ಸುಮ್ಮನೆ ಬಿಟ್ಟರೆ ಬಿಟ್ಟಿನ ತುದಿ 400 ಡಿಗ್ರಿ ದಾಟಿ ಕಪ್ಪಾಗಿ ಕುಳಿತಿರುತ್ತದೆ. ಇಷ್ಟಾದರೂ ಕಲಿಯುವವರಿಗೆ ಇದು ಧಾರಾಳವಾಗಿ ಸಾಕು ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯ ವೀಡಿಯೊ ಮುಗಿಯುವವರೆಗೆ ಉಳಿಯುತ್ತದೆ ಎಂದು ಮಾತ್ರ ನಾನು ಮಾತು ಕೊಡಲಾರೆ.

ನಡುವಿನ ನೀಲಿ ಡಬ್ಬಿ ಶಾಖ ನಿಯಂತ್ರಣವಿರುವ ಸ್ಟೇಷನ್. ಜಪಾನಿನ ಹಕ್ಕೋ ಕಂಪನಿಯ 936 ಎಂಬ ಮಾದರಿಯನ್ನು ನೋಡಿ ಹತ್ತಾರು ಕಂಪನಿಗಳು ಮಾಡಿದ ನಕಲುಗಳಲ್ಲಿ ಇದೂ ಒಂದು. ಬಲಗಡೆಯ ಪೆನ್ನಿನಂಥದ್ದು ಪೈನ್‌ಸಿಲ್, ಯುಎಸ್‌ಬಿ ಚಾರ್ಜರಿನಿಂದ ನಡೆಯುವ ಐರನ್. ಅದು ಗೆಳತಿಯದು, ನಾಳೆ ಹಿಂದಿರುಗಿಸಬೇಕು. ಅದರ ಮಾತು ಆಮೇಲೆ.

ಈಗ ಸ್ಟೇಷನ್ ನನ್ನ ಮನೆಗೆ ಬಂದ ಕಥೆಯನ್ನು ಹೇಳಲೇಬೇಕು, ಏಕೆಂದರೆ ಅದು ಬರಬೇಕಾಗಿಯೇ ಇರಲಿಲ್ಲ. ಕಳೆದ ತಿಂಗಳು ಇಂಥದೇ ಮಳೆಯಲ್ಲಿ ಖಡೇ ಬಜಾರಿನ ಕಡೆಗೆ ಹೋಗಿದ್ದೆ. ಕೊಡೆ ಮುರಿದಿತ್ತು, ಕೈಚೀಲ ನೆನೆದಿತ್ತು, ಮೊದಲು ಕಂಡ ಅಂಗಡಿಯೊಳಗೆ ನುಗ್ಗಿದೆ. ಹೆಸರುಳ್ಳ ಕಂಪನಿಯ 50 ಗ್ರಾಂ ಸೋಲ್ಡರ್ ರೀಲಿಗೆ 210 ರೂಪಾಯಿ ಎಂದರು. ಪಕ್ಕದಲ್ಲೇ ಹೆಸರಿಲ್ಲದ 100 ಗ್ರಾಂ ರೀಲು 130 ರೂಪಾಯಿಗೆ ಇತ್ತು. ಅದರ ಮೇಲೆ 60/40 ಎಂದು ಒಂದು ಚೀಟಿ ಅಂಟಿಸಿದ್ದರು. ಚೀಟಿಯಲ್ಲಿ ತಯಾರಕರ ಹೆಸರಿಲ್ಲ, ಊರಿಲ್ಲ, ತಂತಿಯ ದಪ್ಪ ಹೇಳುವ ಗೇಜ್ ಇಲ್ಲ. "ಎರಡೂ ಅದೇ ರೀ ಅಕ್ಕಾರ, ಹೆಸರಿಗೆ ರೊಕ್ಕ ಕೊಡ್ತೀರಿ ಅಷ್ಟ" ಎಂದರು ಅಂಗಡಿಯವರು. ತವರದ ಬೆಲೆ ಸೀಸದ ಬೆಲೆಗಿಂತ ಹತ್ತು ಪಟ್ಟಿಗೂ ಹೆಚ್ಚು ಎಂಬುದು ನನಗೆ ಗೊತ್ತಿತ್ತು. ನೂರರಲ್ಲಿ ಅರವತ್ತು ಪಾಲು ತವರವಿರುವ ವಸ್ತು ಅಷ್ಟು ಅಗ್ಗವಾಗಿ ಸಿಗಲು ಸಾಧ್ಯವೇ ಎಂದು ಒಂದು ಕ್ಷಣ ಲೆಕ್ಕ ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಎಂಬತ್ತು ರೂಪಾಯಿ ಉಳಿಯಿತೆಂಬ ಸಂತೋಷದಲ್ಲಿ ಮನೆಗೆ ಬಂದೆ.

ಆ ದಿನ ಮಾಡಿದ ಬೆಸುಗೆಗಳನ್ನು ಈಗ ಹತ್ತಿರದಿಂದ ತೋರಿಸುತ್ತಿದ್ದೇನೆ. ಒಳ್ಳೆಯ ಬೆಸುಗೆ ಕಾಲಿನ ಸುತ್ತ ಸಣ್ಣ ಗುಡ್ಡದಂತೆ ಒಳಬಾಗಿ ಇಳಿದು ಹೊಳೆಯಬೇಕು. ಇಲ್ಲಿ ನೋಡಿದರೆ ಬೂದು ಬಣ್ಣದ ಉಂಡೆಗಳು ತಾಮ್ರದ ಮೇಲೆ ನಿಂತಿವೆಯೇ ಹೊರತು ಅದನ್ನು ಅಂಟಿಕೊಂಡಿಲ್ಲ. ಉಗುರಿನಿಂದ ಒತ್ತಿದರೆ ಒಂದು ಉದುರಿಯೇ ಹೋಯಿತು. ನಾನು ತಪ್ಪನ್ನು ಐರನ್ನಿನ ಮೇಲೆ ಹಾಕಿದೆ. ಶಾಖ ಸಾಲದೆಂದು ಇನ್ನೂ ಹೊತ್ತು ಒತ್ತಿ ಹಿಡಿದೆ. ಈ ಕಂದು ಝೀರೋ ಬೋರ್ಡಿನ ತೂತುಗಳ ಸುತ್ತಲಿನ ತಾಮ್ರದ ಬಳೆಗಳನ್ನು ಅಂಟಿನಿಂದ ಕೂಡಿಸಿರುತ್ತಾರೆ, ಅತಿಯಾಗಿ ಕಾಯಿಸಿದರೆ ಅಂಟು ಸೋತು ಬಳೆ ಏಳುತ್ತದೆ. ಒಂದೇ ಸಂಜೆಯಲ್ಲಿ ಆರು ಬಳೆಗಳು ಎದ್ದವು. ಮರುದಿನ 1,450 ರೂಪಾಯಿ ಕೊಟ್ಟು ಈ ಸ್ಟೇಷನ್ ತಂದೆ. ಹೊಸ ಸ್ಟೇಷನ್, ಹೊಸ ಬಿಟ್, ಹೊಸ ಬೋರ್ಡ್. ಬೆಸುಗೆ ಮಾತ್ರ ಅದೇ ಬೂದು ಉಂಡೆ.

ಕೊನೆಗೆ ಬೋರ್ಡನ್ನು ಚೀಲದಲ್ಲಿ ಹಾಕಿಕೊಂಡು, ನಮ್ಮ ಓಣಿಯಲ್ಲಿ ಟೀವಿ ರಿಪೇರಿ ಮಾಡುವ ಕಾಕಾ ಅವರ ಬಳಿಗೆ ಹೋದೆ. ಅವರು ಬೋರ್ಡನ್ನು ನೋಡಲೇ ಇಲ್ಲ. ರೀಲಿನ ತುದಿಯನ್ನು ಎಳೆದು ಹಳೆಯ ಬಿಲ್ಲಿನ ಹಿಂಬದಿಯ ಮೇಲೆ ಗೀಚಿದರು. ಪೆನ್ಸಿಲಿನಿಂದ ಎಳೆದಂತೆ ಕಪ್ಪು ಗೆರೆ ಮೂಡಿತು. ತಮ್ಮ ರೀಲಿನಿಂದ ಅದೇ ರೀತಿ ಗೀಚಿದರೆ ಕಂಡೂ ಕಾಣದ ಗೆರೆ. "ಯವ್ವಾ, ನಿನ್ನ ಐರನ್ ಚಲೋ ಐತಿ, ಕೈನೂ ಚಲೋ ಐತಿ. ತಂತಿ ಖೊಟ್ಟಿ ಐತಿ. ಇದರಾಗ ಬರೇ ಸೀಸಾನ ತುಂಬ್ಯಾರ" ಎಂದರು. ನನ್ನ ಕೈ ಚಲೋ ಇದೆ ಎಂದದ್ದು ಸಮಾಧಾನಕ್ಕಾಗಿ ಹೇಳಿದ ಮಾತು ಎಂಬುದು ನನಗೂ ಗೊತ್ತು.

ಆ ಪರೀಕ್ಷೆಯನ್ನು ಈಗ ಸ್ವಲ್ಪ ಕ್ರಮವಾಗಿ ಮಾಡಿ ತೋರಿಸುತ್ತೇನೆ. ಸ್ಟೇಷನ್ನನ್ನು 210 ಡಿಗ್ರಿಗೆ ಇಟ್ಟಿದ್ದೇನೆ. ಇಷ್ಟು ಅಗ್ಗದ ಸ್ಟೇಷನ್ನಿನಲ್ಲಿ ಕಾಣುವ ಅಂಕಿಗೂ ಬಿಟ್ಟಿನ ನಿಜವಾದ ಶಾಖಕ್ಕೂ ಹತ್ತಿಪ್ಪತ್ತು ಡಿಗ್ರಿಯ ಅಂತರವಿರಬಹುದು, ಆದರೆ ಎರಡು ತಂತಿಗಳನ್ನು ಹೋಲಿಸಿ ನೋಡಲು ಅದು ಅಡ್ಡಿಯಲ್ಲ. ಕಾಕಾ ಅವರಿಂದ ತಂದ ತುಣುಕನ್ನು ಮುಟ್ಟಿಸಿದೆ, ನೀರಾಯಿತು. ನನ್ನ ರೀಲಿನ ತುಣುಕನ್ನು ಮುಟ್ಟಿಸಿದೆ, ಮೆತ್ತಗಾಯಿತು, ಹರಿಯಲಿಲ್ಲ. 230ಕ್ಕೆ ಏರಿಸಿದರೂ ಹಾಗೆಯೇ ನಿಂತಿದೆ. 260ಕ್ಕೆ ಬಂದಾಗ ಈಗ ಹರಿಯಿತು.

ಇದರ ಕಾರಣ ಕುತೂಹಲಕರವಾಗಿದೆ. ತವರ 63 ಪಾಲು, ಸೀಸ 37 ಪಾಲು ಇರುವ ಮಿಶ್ರಣ 183 ಡಿಗ್ರಿಯಲ್ಲಿ ಗಟ್ಟಿಯಿಂದ ನೇರವಾಗಿ ದ್ರವವಾಗುತ್ತದೆ, ನಡುವೆ ಬೇರೆ ಸ್ಥಿತಿಯೇ ಇಲ್ಲ. 60/40 ಮಿಶ್ರಣದಲ್ಲಿ 183ರಿಂದ ಸುಮಾರು 190ರವರೆಗೆ ಒಂದು ಕಿರಿದಾದ ಮೆತ್ತನೆಯ ಹಂತವಿರುತ್ತದೆ. ಅದನ್ನೇ ತಿರುಗಿಸಿ ತವರ 40, ಸೀಸ 60 ಮಾಡಿದರೆ ಅದು 183ರಲ್ಲಿ ಮೆತ್ತಗಾಗಲು ತೊಡಗಿ, ಪೂರ್ತಿ ಹರಿಯಲು 238 ಡಿಗ್ರಿ ಬೇಕಾಗುತ್ತದೆ. ಈ ನಡುವಿನ ಐವತ್ತೈದು ಡಿಗ್ರಿಗಳಲ್ಲಿ ಅದು ಜೋಳದ ನುಚ್ಚಿನಂತಿರುತ್ತದೆ, ಅರ್ಧ ಕಾಳು, ಅರ್ಧ ಗಂಜಿ. ಆರುವಾಗ ಆ ನುಚ್ಚಿನ ಹಂತದಲ್ಲಿ ಕೈ ಒಂದಿಷ್ಟು ಅಲುಗಿದರೂ ಬೆಸುಗೆಯ ಒಳಗೆ ಬಿರುಕು ಉಳಿಯುತ್ತದೆ. ನನ್ನ ರೀಲಿನಲ್ಲಿ ಸೀಸ ಅದಕ್ಕಿಂತಲೂ ಹೆಚ್ಚಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ದೋಷವಿದೆ, ಇದನ್ನು ನೋಡಿ. ಎರಡೂ ತಂತಿಗಳನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಮೊಬೈಲಿನ ಮ್ಯಾಕ್ರೋ ಲೆನ್ಸಿನ ಕೆಳಗೆ ಇಟ್ಟಿದ್ದೇನೆ. ಕಾಕಾ ಅವರ ತಂತಿಯ ನಟ್ಟನಡುವೆ ಜೇನುಬಣ್ಣದ ಚುಕ್ಕೆಯೊಂದು ಕಾಣುತ್ತದೆ, ಅದು ರಾಳದ ಫ್ಲಕ್ಸ್. ನನ್ನ ತಂತಿಯಲ್ಲಿ ಅಂಥ ಚುಕ್ಕೆ ಇಲ್ಲ, ಇಡೀ ತುಂಡು ಬರೀ ಲೋಹ. ತಾಮ್ರದ ಮೇಲಿನ ಕಿಲುಬನ್ನು ಕಳೆಯುವ ವಸ್ತುವೇ ಇಲ್ಲದ ಮೇಲೆ ಸೋಲ್ಡರ್ ಉಂಡೆಯಾಗಿ ಉರುಳದೆ ಮತ್ತೇನು ಮಾಡೀತು?

ಕಿಲುಬೆಂದಾಗ ನೆನಪಾಗುವುದು ನಮ್ಮ ಅಜ್ಜಿಯ ಮನೆಯ ಮುಂದೆ ವರ್ಷಕ್ಕೊಮ್ಮೆ ಬಂದು ಕೂರುತ್ತಿದ್ದ ಕಲಾಯಿಯವರು. ತಿದಿ ಒತ್ತಿ ಹಿತ್ತಾಳೆಯ ಪಾತ್ರೆಯನ್ನು ಕಾಯಿಸಿ, ಒಂದು ಚಿಟಿಕೆ ನವಸಾಗರ ಹಾಕಿ, ಬಿಳಿಯ ಹೊಗೆ ಏಳುತ್ತಿದ್ದಂತೆ ತವರದ ಕಡ್ಡಿಯನ್ನು ಮುಟ್ಟಿಸಿ, ಅರಳೆಯಿಂದ ಒಂದು ಸುತ್ತು ಒರೆಸಿದರೆ ಇಡೀ ಪಾತ್ರೆ ಬೆಳ್ಳಿಯಾಗುತ್ತಿತ್ತು. ನವಸಾಗರ ಅಲ್ಲಿ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ರಾಳ ಮಾಡುತ್ತದೆ. ಆದರೆ ನವಸಾಗರವನ್ನಾಗಲೀ, ತಗಡು ಬೆಸೆಯುವವರ ಆಮ್ಲದ ಫ್ಲಕ್ಸನ್ನಾಗಲೀ ಬೋರ್ಡಿಗೆ ಹಚ್ಚಬಾರದು, ಉಳಿದ ಲವಣ ತೇವ ಹೀರಿ ತಾಮ್ರವನ್ನೇ ತಿನ್ನುತ್ತದೆ. ನಮ್ಮ ಊರಿನ ಮಳೆಗಾಲದಲ್ಲಂತೂ ಅದಕ್ಕೆ ಹಬ್ಬ. ಅಜ್ಜಿಯ ಪಾತ್ರೆಗಳ ಬಗ್ಗೆ ಹೇಳುವುದು ಇನ್ನೂ ಇತ್ತು, ಆದರೆ ಐರನ್ ಕಾದಾಗಿದೆ, ಈ ದೃಶ್ಯ ಮುಗಿಯುತ್ತಿದೆ.

ಹಾಗಾದರೆ ಯಾವ ಸೋಲ್ಡರ್ ಕೊಳ್ಳಬೇಕು? ತಯಾರಕರ ಹೆಸರಿರುವ, 63/37 ಅಥವಾ 60/40 ಎಂದು ಸ್ಪಷ್ಟವಾಗಿ ಅಚ್ಚಾಗಿರುವ, ನಡುವೆ ರಾಳವಿರುವ, 22 ಗೇಜಿನ ರೀಲು. 22 ಗೇಜ್ ಎಂದರೆ ಸುಮಾರು 0.7 ಮಿಲಿಮೀಟರ್ ದಪ್ಪ. 18 ಗೇಜ್ ಎಂದರೆ 1.2 ಮಿಲಿಮೀಟರ್, ಅದು ದಪ್ಪ ವೈರುಗಳಿಗೆ ಸರಿ, ಟ್ರಾನ್ಸಿಸ್ಟರಿನ ಕಾಲುಗಳಿಗೆ ಹಿಡಿದರೆ ಮೂರೂ ಕಾಲುಗಳು ಒಂದಾಗುತ್ತವೆ. 50 ಗ್ರಾಂ ರೀಲು ಹವ್ಯಾಸಿಗಳಿಗೆ ತಿಂಗಳುಗಟ್ಟಲೆ ಬರುತ್ತದೆ.

ಸೀಸವಿಲ್ಲದ ಸೋಲ್ಡರ್ ಬಗ್ಗೆ ನನಗೆ ಮೊದಲಿನಿಂದಲೂ ಅಸಮಾಧಾನ. ಯುರೋಪಿನಲ್ಲಿ 2006ರ ಜುಲೈ 1ರಿಂದ ಹೆಚ್ಚಿನ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸದ ಬಳಕೆಗೆ ನಿರ್ಬಂಧ ಬಂದ ಮೇಲೆ ಕಾರ್ಖಾನೆಗಳು ತವರ, ಬೆಳ್ಳಿ, ತಾಮ್ರಗಳ ಮಿಶ್ರಣಕ್ಕೆ ತಿರುಗಿದವು. ಅದು ಕರಗಲು 217 ಡಿಗ್ರಿ ಬೇಕು. ತವರ, ತಾಮ್ರ ಮಾತ್ರ ಇರುವ ಅಗ್ಗದ ಬಗೆಗೆ 227. ಕಲಿಯುವ ಕೈಗೆ ಅದು ಹಠಮಾರಿ. ಆದರೂ ನಮ್ಮ ಅಕ್ಕನ ಮೂರು ವರ್ಷದ ಮಗ ರಜೆಗೆ ಬಂದು ಈ ಮೇಜಿನ ಕೆಳಗೆ ಆಡತೊಡಗಿದಾಗ ನನ್ನ ಅಭಿಪ್ರಾಯ ಸಡಿಲವಾಯಿತು ಎನ್ನಬೇಕು. ಬೆಸೆಯುವ ಶಾಖದಲ್ಲಿ ಸೀಸ ಹೇಳಿಕೊಳ್ಳುವಷ್ಟು ಆವಿಯಾಗುವುದಿಲ್ಲ, ಮೇಲೇಳುವ ಹೊಗೆ ರಾಳದ್ದು. ಆ ಹೊಗೆ ಉಬ್ಬಸವನ್ನು ತರಬಲ್ಲದು, ಅದಕ್ಕಾಗಿಯೇ ಮಳೆಯಿದ್ದರೂ ಕಿಟಕಿಯನ್ನು ಅರ್ಧ ತೆರೆದು ಈ ಚಿಕ್ಕ ಫ್ಯಾನ್ ಇಟ್ಟಿದ್ದೇನೆ. ಸೀಸದ ಅಪಾಯ ಇರುವುದು ಬೆರಳಿನಲ್ಲಿ. ಬೆರಳಿಂದ ಅದು ಬಾಯಿಗೆ ಹೋಗುತ್ತದೆ, ನೆಲಕ್ಕೆ ಬಿದ್ದ ಹನಿಯಿಂದ ಮಗುವಿನ ಬಾಯಿಗೆ. ಆದ್ದರಿಂದ ಮೇಜಿನ ಮೇಲೆ ಚಹಾ ಇಲ್ಲ, ಚುರುಮುರಿ ಇಲ್ಲ, ಎದ್ದ ಕೂಡಲೇ ಸಾಬೂನಿನಿಂದ ಕೈ ತೊಳೆಯುವುದು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ಮನೆಯಲ್ಲಿ ಅಂಬೆಗಾಲಿಡುವ ಮಕ್ಕಳಿದ್ದರೆ ಸೀಸವಿಲ್ಲದ್ದನ್ನೇ ತನ್ನಿ, ನಾನು ಬೈಯುವುದಿಲ್ಲ.

ಬಿಟ್ಟಿನ ಮಾತು ಬೇಗ ಮುಗಿಸುತ್ತೇನೆ. ಸೂಜಿಯಂಥ ಮೊನಚು ಬಿಟ್ ನೋಡಲು ಚೆಂದ, ಕೆಲಸಕ್ಕೆ ದಂಡ, ಏಕೆಂದರೆ ಅದರ ತುದಿ ಮುಟ್ಟುವ ಜಾಗ ಕಡಿಮೆ, ಶಾಖ ದಾಟುವುದೂ ಕಡಿಮೆ. ಉಳಿಯಂತೆ ಚಪ್ಪಟೆಯಾದ, 2 ಮಿಲಿಮೀಟರ್ ಅಗಲದ ಬಿಟ್ ಹಾಕಿ. ಹಳೆಯ ಬರಿ ತಾಮ್ರದ ಬಿಟ್ಟನ್ನು ಅರದಿಂದ ತಿಕ್ಕಿ ಹೊಸದು ಮಾಡಬಹುದಿತ್ತು. ಈಗಿನ ಬಿಟ್ಟುಗಳ ಮೇಲೆ ಕಬ್ಬಿಣದ ತೆಳುವಾದ ಲೇಪವಿರುವುದರಿಂದ ಅರ ಮುಟ್ಟಿಸಿದರೆ ಲೇಪ ಹೋಗಿ, ಒಳಗಿನ ತಾಮ್ರ ತವರದಲ್ಲಿ ಕರಗಿ ಹಳ್ಳ ಬೀಳುತ್ತದೆ. ಒದ್ದೆ ಸ್ಪಂಜು ಅಥವಾ ಹಿತ್ತಾಳೆಯ ನಾರು ಸಾಕು. ಐರನ್ ಆಫ್ ಮಾಡುವ ಮುನ್ನ ತುದಿಗೆ ಒಂದಿಷ್ಟು ಸೋಲ್ಡರ್ ಬಳಿದು ಬಿಡಬೇಕು.

ಈಗ ಬ್ಯಾಟರಿ ಜಾಕಿನ ದಪ್ಪ ವೈರನ್ನು ಬೆಸೆಯುವ ಸರದಿ. 25 ವಾಟಿನ ಐರನ್ ಹಿಡಿದಿದ್ದೇನೆ. ಎಣಿಸುತ್ತಿದ್ದೇನೆ. ಎಂಟು, ಒಂಬತ್ತು, ಹತ್ತು. ಇನ್ನೂ ಕರಗಿಲ್ಲ, ವೈರಿನ ಪ್ಲಾಸ್ಟಿಕ್ ಮಾತ್ರ ಹಿಂದೆ ಸರಿಯುತ್ತಿದೆ. ಸ್ಟೇಷನ್ನನ್ನು 340 ಡಿಗ್ರಿಗೆ ಇಟ್ಟು ಮುಟ್ಟಿಸಿದರೆ ಮೂರು ಸೆಕೆಂಡು. ಆರಂಭದಲ್ಲಿ ಸಾದಾ ಐರನ್ ಸಾಕು ಎಂದಿದ್ದೆನಲ್ಲ, ಆ ಮಾತನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಶಾಖ ತಗ್ಗಿದ ಕೂಡಲೇ ಸ್ಟೇಷನ್ ತಾನೇ ತಿಳಿದು ಕರೆಂಟ್ ಕೊಡುತ್ತದೆ, ಸಾದಾ ಐರನ್ನಿಗೆ ಆ ಅರಿವಿಲ್ಲ. ಜೊತೆಗೆ ಸ್ಟೇಷನ್ನಿನ ಮೂರು ಪಿನ್ನಿನ ಪ್ಲಗ್ಗಿನಿಂದಾಗಿ ಬಿಟ್ಟಿಗೆ ಅರ್ಥಿಂಗ್ ಇದೆ. ಎರಡು ಪಿನ್ನಿನ ಐರನ್ನಿನ ಬಿಟ್ಟಿಗೆ ಟೆಸ್ಟರ್ ಮುಟ್ಟಿಸಿದರೆ ಮಂದವಾಗಿ ದೀಪ ಹತ್ತುವುದನ್ನು ನೋಡಿದ ಮೇಲೆ ಇಂಥ ಸೋರಿಕೆಗೆ ಬೇಗ ಕೆಡುವ ಮಾಸ್ಫೆಟ್ ಟ್ರಾನ್ಸಿಸ್ಟರುಗಳನ್ನು ಅದರಿಂದ ಮುಟ್ಟಲು ನನಗೆ ಧೈರ್ಯವಿಲ್ಲ. ಪೈನ್‌ಸಿಲ್ ಕೆಲವೇ ಸೆಕೆಂಡುಗಳಲ್ಲಿ ಕಾಯುತ್ತದೆ, ಏಕೆಂದರೆ ಕಾಯಿಸುವ ಕಾಯಿಲ್ ಬಿಟ್ಟಿನೊಳಗೇ ಇದೆ. ಆದರೆ ಅದು ಪೂರ್ತಿ ಬಲದಲ್ಲಿ ನಡೆಯಲು 65 ವಾಟಿನ ಪಿಡಿ ಚಾರ್ಜರ್, ಅಂದರೆ ಹೆಚ್ಚು ವೋಲ್ಟೇಜ್ ಕೊಡಬಲ್ಲ ಯುಎಸ್‌ಬಿ ಚಾರ್ಜರ್ ಬೇಕು, ಸಾಮಾನ್ಯ ಫೋನ್ ಚಾರ್ಜರಿಗೆ ಅದು ಜಗ್ಗುವುದಿಲ್ಲ. ಅಂಥ ಚಾರ್ಜರ್ ಮನೆಯಲ್ಲಿದ್ದರೆ ಪೈನ್‌ಸಿಲನ್ನೇ ಕೊಳ್ಳಿ ಎನ್ನುತ್ತೇನೆ. ಇಲ್ಲದಿದ್ದರೆ 25 ವಾಟಿನ ಐರನ್ ಮತ್ತು 210 ರೂಪಾಯಿಯ ರೀಲು. ಸ್ಟೇಷನ್ ಆರು ತಿಂಗಳ ನಂತರ.

ಕೊನೆಯ ಬೆಸುಗೆ ಆಯಿತು, ಕಾಲುಗಳನ್ನು ಕತ್ತರಿಸಿದ್ದೂ ಆಯಿತು. ವೈರುಗಳನ್ನು ಟಾಕಿಯೊಳಗೆ ಇಳಿಸಿದ್ದೇನೆ, ಮೋಟಾರ್ ಓಡುತ್ತಿದೆ. ಮೊದಲ ದೀಪ ಹತ್ತಿತು. ಎರಡನೆಯದು. ಮೂರನೆಯದಕ್ಕೆ ಬಹಳ ಹೊತ್ತು ಹಿಡಿದದ್ದನ್ನು ಕತ್ತರಿಸಿ ತೆಗೆದಿದ್ದೇನೆ. ಈಗ ನಾಲ್ಕನೆಯದು, ಬಝರೂ ಕೂಗಿತು. ಕೆಳಗಿನಿಂದ ಕೇಳಿಸುತ್ತಿರುವುದು ಬಝರಲ್ಲ, ನಮ್ಮ ಅವ್ವ. "ಅದೇನ ಒದರಾಕತ್ತೇತಿ ನೋಡ, ಮದಲ ಆರಸು!"