ಇಟಲಿ: ಆರು ರಾತ್ರಿಗಳ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಇಟಲಿಗೆ ಮೊದಲ ಸಲ ಹೊರಟವರ ಪಟ್ಟಿಯಲ್ಲಿ ಮಿಲಾನ್, ವೆನಿಸ್, ಪೀಸಾ, ಫ್ಲಾರೆನ್ಸ್, ರೋಮ್, ನೇಪಲ್ಸ್ ಎಲ್ಲವೂ ಇರುತ್ತವೆ. ಸಿಕ್ಕಿರುವ ರಜೆ ಮಾತ್ರ ಒಂದೇ ವಾರ. ಆ ಪಟ್ಟಿಯನ್ನು ಬದಿಗಿಟ್ಟು, ಅಲ್ಲಿ ಎಷ್ಟು ರಾತ್ರಿ ಮಲಗುತ್ತೀರಿ ಎಂದು ಎಣಿಸಿ. ಫ್ಲಾರೆನ್ಸ್‌ನಿಂದ ರೋಮಿಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ ಅಷ್ಟೇ, ನಿಜ. ಆದರೆ ಕೋಣೆ ಖಾಲಿ ಮಾಡಿ, ಸೂಟ್‌ಕೇಸ್ ಎಳೆದುಕೊಂಡು ನಿಲ್ದಾಣ ಸೇರಿ, ಇಳಿದ ಮೇಲೆ ಹೊಸ ಹೋಟೆಲ್ ಹುಡುಕುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಆರು ರಾತ್ರಿಗೆ ಮೂರು ಊರು ಸಾಕು: ವೆನಿಸ್‌ನಲ್ಲಿ ಒಂದು, ಫ್ಲಾರೆನ್ಸ್‌ನಲ್ಲಿ ಎರಡು, ರೋಮಿನಲ್ಲಿ ಮೂರು.

ವಿಮಾನದ ಟಿಕೆಟ್ಟನ್ನು ವೆನಿಸ್‌ಗೆ ಹೋಗಿ ರೋಮಿನಿಂದ ಮರಳುವಂತೆ ತೆಗೆದುಕೊಳ್ಳಿ. ಇಳಿದ ಊರಿಗೇ ವಾಪಸು ಬರಬೇಕಾದರೆ ರೈಲಿನಲ್ಲೇ ಸುಮಾರು ನಾಲ್ಕು ಗಂಟೆ ದಂಡ. ಇಟಲಿಗೆ ಬೇಕಾದ ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಸಲ್ಲಿಸಬಹುದು. ತಡವೆಂದರೂ ಪ್ರಯಾಣಕ್ಕೆ 15 ದಿನ ಮೊದಲು ಸಲ್ಲಿಸಿರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋಗಳದ್ದಿರಬೇಕು. ಬೇಸಿಗೆ ಪ್ರವಾಸವಾದರೆ ಎರಡು ಮೂರು ತಿಂಗಳ ಮೊದಲೇ ಅರ್ಜಿ ಹಾಕುವುದು ಕ್ಷೇಮ.

ಇನ್ನು ವಾರದ ದಿನಗಳು. ಇಲ್ಲಿ ಎಡವುವವರೇ ಹೆಚ್ಚು. ಫ್ಲಾರೆನ್ಸ್‌ನ ಉಫೀಜಿ ಮತ್ತು ಮೈಕೆಲೇಂಜೆಲೋನ ಡೇವಿಡ್ ಶಿಲ್ಪ ಇರುವ ಅಕಾಡೆಮಿಯಾ, ಎರಡೂ ಕಲಾ ಸಂಗ್ರಹಾಲಯಗಳು ಸೋಮವಾರ ಮುಚ್ಚಿರುತ್ತವೆ. ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತವಾಗಿ ತೆರೆಯುತ್ತಾರೆ, ಆದರೆ ಆ ಸಾಲಿನಲ್ಲೇ ನಿಮ್ಮ ಬೆಳಗು ಮುಗಿದುಹೋಗುತ್ತದೆ. ಆದ್ದರಿಂದ ಮಂಗಳವಾರ ವೆನಿಸ್‌ನಲ್ಲಿ ಇಳಿಯಿರಿ. ಬುಧವಾರ ಮಧ್ಯಾಹ್ನ ಫ್ಲಾರೆನ್ಸ್‌ಗೆ, ಸುಮಾರು ಎರಡು ಗಂಟೆ ಪ್ರಯಾಣ. ಗುರುವಾರ ಪೂರ್ತಿ ಅಲ್ಲೇ. ಶುಕ್ರವಾರ ಬೆಳಿಗ್ಗೆ ರೋಮಿಗೆ ಹೊರಟರೆ ಅಂದೇ ಮಧ್ಯಾಹ್ನದ ನಂತರ ಕೊಲೋಸಿಯಂ, ಶನಿವಾರ ವ್ಯಾಟಿಕನ್, ಭಾನುವಾರ ಬೀದಿ ಸುತ್ತಲು.

ರೈಲಿನ ಅಗ್ಗದ ಟಿಕೆಟ್‌ಗಳನ್ನು ಸಾಮಾನ್ಯವಾಗಿ ಬದಲಿಸಲಾಗದು. ವಿಮಾನ ಇಳಿಯುವ ದಿನಕ್ಕೆ ಅಂಥ ಟಿಕೆಟ್ ಬೇಡ. ವಿಮಾನ ತಡವಾದರೆ ಆ ದುಡ್ಡು ಹೋದಂತೆಯೇ. ಮೊದಲ ರಾತ್ರಿ ವೆನಿಸ್‌ನಲ್ಲೇ ಕಳೆಯುವುದಕ್ಕೆ ಇದೂ ಒಂದು ಕಾರಣ. ವೆನಿಸ್‌ಗೆ ಎರಡು ನಿಲ್ದಾಣಗಳಿವೆ: ಮೆಸ್ತ್ರೆ ಇರುವುದು ಈಚೆ ದಡದಲ್ಲಿ, ಸಾಂತಾ ಲೂಚಿಯಾ ದ್ವೀಪದಲ್ಲಿ. ಮೆಸ್ತ್ರೆಯಲ್ಲಿ ಕೋಣೆ ಅಗ್ಗ. ಆದರೂ ಒಂದೇ ರಾತ್ರಿಯಾದರೆ ದ್ವೀಪದಲ್ಲೇ ಉಳಿಯಿರಿ. ಹಗಲಿನ ಪ್ರವಾಸಿಗಳು ಹೊರಟುಹೋದ ಮೇಲೆ ಕಾಲುವೆಯ ನೀರು ಮೆಟ್ಟಿಲಿಗೆ ಬಡಿಯುವ ಸದ್ದು ಕೇಳುತ್ತದೆ. ವೆನಿಸ್ ವೆನಿಸ್ ಆಗುವುದು ಆಗಲೇ. ಬಹುತೇಕ ಸೇತುವೆಗಳಿಗೆ ಮೆಟ್ಟಿಲುಗಳಿವೆ, ಸೂಟ್‌ಕೇಸ್ ಎತ್ತಿಯೇ ದಾಟಬೇಕು. ಸಾಮಾನು ಹಗುರವಿರಲಿ, ಇಲ್ಲವೇ ನಿಲ್ದಾಣದ ಹತ್ತಿರ ಕೋಣೆ ಹಿಡಿಯಿರಿ.

ಕೊಲೋಸಿಯಂ ಟಿಕೆಟ್ ಮೇಲೆ ನಿಮ್ಮ ಹೆಸರಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಬರೆಯಿಸಿ. ಪಾಸ್‌ಪೋರ್ಟನ್ನೂ ಜೊತೆಗೆ ಒಯ್ಯಿರಿ. ಸುಮಾರು 30 ದಿನ ಮೊದಲು ಅಧಿಕೃತ ಜಾಲತಾಣದಲ್ಲಿ ಮಾರಾಟ ಶುರುವಾಗುತ್ತದೆ. ಪಕ್ಕದಲ್ಲೇ ಇರುವ ಪ್ರಾಚೀನ ಅವಶೇಷಗಳ ರೋಮನ್ ಫೋರಂಗೂ ಅದೇ ಟಿಕೆಟ್ ನಡೆಯುತ್ತದೆ.

ವ್ಯಾಟಿಕನ್‌ನಲ್ಲಿ ಬಹಳ ಜನ ತಪ್ಪು ಸಾಲಿನಲ್ಲಿ ನಿಲ್ಲುತ್ತಾರೆ. ಸಂತ ಪೀಟರ್ ಚೌಕದಲ್ಲಿ ಕಾಣುವ ಉದ್ದ ಸಾಲು ಚರ್ಚಿನದು. ಸಿಸ್ಟೀನ್ ಚಾಪೆಲ್ ನೋಡಲು ಹೋಗಬೇಕಾದದ್ದು ಮ್ಯೂಸಿಯಂ ಬಾಗಿಲಿಗೆ. ಅದು ಉತ್ತರದ ಗೋಡೆಯಲ್ಲಿದೆ. ಚೌಕದಿಂದ ಗೋಡೆ ಬಳಸಿ ಕಾಲು ಗಂಟೆ ನಡೆಯಬೇಕು. ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಎರಡೂ ಕಡೆ ಕಡ್ಡಾಯ. ಜುಲೈ ಸೆಕೆಯಲ್ಲೂ ಒಂದು ತೆಳು ಶಾಲು ಚೀಲದಲ್ಲಿರಲಿ.

ಸಸ್ಯಾಹಾರಿಗಳಿಗೆ ಒಂದು ಮಾತು. ತರಕಾರಿ ಸೂಪಿಗೂ ಮಾಂಸದ ಸಾರು ಸೇರಿರಬಹುದು. ಪಾರ್ಮಿಜಾನೋ ಚೀಸ್‌ಗೆ ಹಾಲು ಗಟ್ಟಿಯಾಗಲೆಂದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಆಲಿವ್ ಎಣ್ಣೆ ಅಷ್ಟೇ ಇರುವ ಮರಿನಾರಾ ಪಿಜ್ಜಾ ಕೇಳಿ.

ಸೋಮವಾರ ಹೊರಡುವಾಗ ಟಿಕೆಟ್ ಇನ್ನೊಮ್ಮೆ ನೋಡಿಕೊಳ್ಳಿ, ರೋಮಿಗೆ ಎರಡು ವಿಮಾನ ನಿಲ್ದಾಣಗಳಿವೆ. ಫ್ಯೂಮಿಚೀನೋ ಆದರೆ ರೋಮಿನ ಮುಖ್ಯ ರೈಲು ನಿಲ್ದಾಣವಾದ ಟೆರ್ಮಿನಿಯಿಂದ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು, 32 ನಿಮಿಷ. ಚಾಂಪೀನೋ ಆದರೆ ಆ ರೈಲು ಅಲ್ಲಿಗೆ ಹೋಗುವುದಿಲ್ಲ.