ಬೋರ್ಡಿನ ಮೇಲೆ ಒಂದು ಹೆಸರು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹಿರಿಯರಲ್ಲಿ ಕೆಲವರ ಎದೆ, ಸೊಂಟ, ತೋಳಿನ ಅಳತೆ ನನ್ನ ಹತ್ತಿರ ಇದೆ. ನಮ್ಮ ಅಪ್ಪ ಇದೇ ಸಾಗರದ ಪೇಟೆಯಲ್ಲಿ ಮೂವತ್ತೆಂಟು ವರ್ಷ ಹೊಲಿಗೆ ಅಂಗಡಿ ನಡೆಸಿದರು. ಅವರ ಅಳತೆ ಪುಸ್ತಕಗಳು ಈಗಲೂ ಮನೆಯ ಅಟ್ಟದ ಮೇಲಿವೆ. ಅದರಲ್ಲಿ ಒಂದನ್ನು ಇವತ್ತು ತಂದಿದ್ದೇನೆ. ಒಬ್ಬ ಟೇಲರ್‌ನ ಬದುಕಿನ ಬಗ್ಗೆ ಮಾತಾಡಿ ಅಂದಿರಿ. ಇದಕ್ಕಿಂತ ಚೆನ್ನಾಗಿ ಅದನ್ನು ಹೇಳುವ ವಸ್ತು ನನಗೆ ಬೇರೆ ಸಿಗಲಿಲ್ಲ.

ಒಂದೊಂದು ಸಾಲಿನಲ್ಲೂ ಉದ್ದ, ಭುಜ, ತೋಳು, ಎದೆ, ಸೊಂಟ, ಕಾಲರ್. ಎಲ್ಲ ಇಂಚಿನಲ್ಲಿ. ಅದು ಯಾವ ಟೇಲರ್ ಪುಸ್ತಕದಲ್ಲೂ ಇರುತ್ತದೆ. ನನಗೆ ಇಷ್ಟವಾಗುವುದು ಪಕ್ಕದಲ್ಲಿ ಬರೆದ ಪುಟ್ಟ ಮಾತುಗಳು. ‘ಬಲ ಭುಜ ಇಳಿದಿದೆ’ ಅಂತ ಒಂದು ಕಡೆ. ಆತ ಅಡಿಕೆ ವ್ಯಾಪಾರದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವರು. ‘ಕಳ್ಳಜೇಬು ಬೇಕು’ ಅಂತ ಇನ್ನೊಂದು ಕಡೆ. ಅವರು ಅಡಿಕೆ ಬೆಳೆಗಾರರು, ಮಂಡಿಯಿಂದ ದುಡ್ಡು ತಗೊಂಡು ಬಸ್ಸಿನಲ್ಲಿ ಹಳ್ಳಿಗೆ ಹೋಗಬೇಕು. ‘ಹುಡುಗ, ಎರಡು ಇಂಚು ಒಳಗೆ ಬಿಡಿ’ ಅನ್ನುವುದಂತೂ ಪುಟಪುಟದಲ್ಲೂ ಇದೆ. ಬೆಳೆಯುವ ಮಕ್ಕಳ ಚಡ್ಡಿ, ಪ್ಯಾಂಟಿಗೆ ಕೆಳಗೆ ಮಡಿಕೆ ಜಾಸ್ತಿ ಇಟ್ಟು ಹೊಲಿಯುತ್ತಿದ್ದರು. ಮುಂದಿನ ವರ್ಷ ಬಿಚ್ಚಿದರೆ ಆಯಿತು, ಹೊಸದು ಬೇಡ. ತಮಗೆ ಬರುವ ಕೆಲಸವನ್ನು ಅಪ್ಪ ತಾವೇ ಒಂದು ವರ್ಷ ಮುಂದಕ್ಕೆ ಹಾಕುತ್ತಿದ್ದರು, ಅಲ್ವಾ? ಆ ಮನೆಯ ಕಷ್ಟ ಅವರಿಗೆ ಗೊತ್ತಿರುತ್ತಿತ್ತು.

ನಮ್ಮ ಮನೆಯ ವರ್ಷ ಬೇರೆ ಥರ ತಿರುಗುತ್ತಿತ್ತು. ಮೇ ಕೊನೆ, ಜೂನ್ ಅಂದರೆ ಸ್ಕೂಲ್ ಯೂನಿಫಾರ್ಮ್. ಆಮೇಲೆ ಮಳೆ. ನಮ್ಮ ಕಡೆಯ ಮಳೆ ನಿಮಗೆ ಗೊತ್ತೇ ಇದೆ, ಗಿರಾಕಿ ಬರುವುದಿಲ್ಲ, ಹೊಲಿದ ಬಟ್ಟೆಗೆ ಮುಗ್ಗಲು ವಾಸನೆ. ಚಳಿಗಾಲದಲ್ಲಿ ಅಡಿಕೆ ಕೊಯ್ಲು. ‘ಅಡಿಕೆ ದುಡ್ಡು ಬಂದಮೇಲೆ ಕೊಡ್ತೀನಿ ಟೇಲರ್ರೇ’ ಅಂದವರ ಸಾಲ ತೀರುವುದು ಆಗಲೇ. ನಮ್ಮ ಸ್ಕೂಲ್ ಫೀಸು, ಅಜ್ಜಿಯ ಔಷಧಿ ಎಲ್ಲ ಆ ಲೆಕ್ಕದ ಮೇಲೇ ನಡೆಯುತ್ತಿತ್ತು. ತೋಟ ನಮ್ಮದಲ್ಲ, ಆದರೂ ಅಡಿಕೆಗೆ ಕೊಳೆರೋಗ ಬಂದ ವರ್ಷ ನಮ್ಮ ಮನೆಯಲ್ಲೂ ಬಿಸಿ ತಟ್ಟುತ್ತಿತ್ತು.

ಇನ್ನು ಮಾರಿಕಾಂಬಾ ಜಾತ್ರೆ. ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆ. ಮನೆಮಂದಿಗೆಲ್ಲ ಹೊಸ ಬಟ್ಟೆ ಆಗಬೇಕು. ಜಾತ್ರೆಗೆ ಮುಂಚಿನ ತಿಂಗಳು ಅಂಗಡಿಯ ದೀಪ ರಾತ್ರಿ ಒಂದು ಗಂಟೆಗೂ ಆರುತ್ತಿರಲಿಲ್ಲ.

ಇಷ್ಟು ಹೊತ್ತು ನಾನು ಅಪ್ಪ ಅಪ್ಪ ಅಂತಲೇ ಹೇಳಿದೆ. ಬೋರ್ಡಿನ ಮೇಲಿದ್ದದ್ದೂ ಅವರ ಹೆಸರೇ, ಅದರ ಕೆಳಗೆ ‘ಜೆಂಟ್ಸ್ ಟೇಲರ್’. ಆದರೆ ಅಂಗಿ ಅಂಗಡಿಯಲ್ಲಿ ಮುಗಿಯುತ್ತಿರಲಿಲ್ಲ. ಸಂಜೆ ಚೀಲದಲ್ಲಿ ಮನೆಗೆ ಬರುತ್ತಿತ್ತು. ಕಾಜಾ, ಅಂದರೆ ಗುಂಡಿ ತೂರಿಸುವ ತೂತಿನ ಅಂಚು, ಹೊಲಿಯುವುದು, ಗುಂಡಿ ಹಚ್ಚುವುದು, ಪ್ಯಾಂಟಿನ ಕೆಳಗೆ ಹೆಮ್ಮಿಂಗ್ ಹಾಕುವುದು, ಇದೆಲ್ಲ ಅಮ್ಮನದು. ತುಂಬುತೋಳಿನ ಅಂಗಿಗೆ ಮುಂದೆ ಏಳು ಕಾಜಾ, ಕಫ್‌ಗೆ ಒಂದೊಂದು, ಒಟ್ಟು ಒಂಬತ್ತು. ಒಂದಕ್ಕೆ ಐದು ನಿಮಿಷ ಹಿಡಿದರೂ ಒಂದು ಅಂಗಿಗೆ ಮುಕ್ಕಾಲು ಗಂಟೆ. ಜಾತ್ರೆ ಸಮಯದಲ್ಲಿ ದಿನಕ್ಕೆ ಐದು ಅಂಗಿ ಬರುತ್ತಿದ್ದವು. ಅಡುಗೆ, ಪಾತ್ರೆ ಎಲ್ಲ ಮುಗಿಸಿ ಅದರ ಮೇಲೆ ಹತ್ತಿರ ಹತ್ತಿರ ನಾಲ್ಕು ಗಂಟೆ ಸೂಜಿ ಹಿಡಿದು ಕೂರುವುದು.

ಗಾಂಧೀಜಿ 1924ರಲ್ಲಿ ಯಂತ್ರಗಳ ಬಗ್ಗೆ ಒಂದು ಮಾತುಕತೆಯಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ಹೊಗಳಿದರು. ‘ಯಂಗ್ ಇಂಡಿಯಾ’ದಲ್ಲಿ ಅದು ಅಚ್ಚಾಯಿತು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ಸುಸ್ತಾಗುವುದನ್ನು ನೋಡಲಾರದೆ, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಆ ಯಂತ್ರ ಮಾಡಿದ ಎಂದು ಅವರು ಹೇಳಿದ್ದರು. ನಾನು ಇದನ್ನು ಓದಿದಾಗ ಅಮ್ಮನ ಬೆರಳು ಕಣ್ಣಮುಂದೆ ಬಂತು. ನಮ್ಮ ಮನೆಯಲ್ಲಿ ಯಂತ್ರ ಇತ್ತು, ಅಪ್ಪ ತುಳಿಯುತ್ತಿದ್ದರು. ಅಮ್ಮನ ಕೈಯಿಂದ ಸೂಜಿ ಮಾತ್ರ ಇಳಿಯಲಿಲ್ಲ. ಅಪ್ಪ ಕೆಟ್ಟವರಲ್ಲ, ಅಮ್ಮನ ಮೇಲೆ ತುಂಬಾ ಅಕ್ಕರೆ ಇದ್ದವರು. ಆದರೆ ಆ ಕೆಲಸಕ್ಕೂ ಒಂದು ಹೆಸರು, ಒಂದು ಕೂಲಿ ಇರಬೇಕು ಅಂತ ಅವರಿಗೆ ಹೊಳೆಯಲೇ ಇಲ್ಲ. ನನಗೂ ಹೊಳೆದಿರಲಿಲ್ಲ. ಸ್ಕೂಲಿನ ಫಾರಂನಲ್ಲಿ ತಾಯಿಯ ಉದ್ಯೋಗ ಅನ್ನುವ ಕಡೆ ‘ಮನೆಕೆಲಸ’ ಅಂತ ಬರೆದವನು ನಾನೇ.

ಅಂಗಡಿಯ ಮರ್ಯಾದೆ ಉಳಿಸಿದವರೂ ಅಮ್ಮನೇ. ಅಂಗಿ ಹೊಲಿದು ಉಳಿದ ತುಂಡನ್ನು ಎಷ್ಟೋ ಕಡೆ ವಾಪಸ್ ಕೊಡುವುದಿಲ್ಲ. ಅಮ್ಮ ಅದನ್ನು ಮಡಚಿ ಅಂಗಿಯ ಜೇಬಿನಲ್ಲೇ ಇಟ್ಟು ಕಳಿಸುತ್ತಿದ್ದರು. ಗಂಡ ಬೇಕಾದದ್ದಕ್ಕಿಂತ ಜಾಸ್ತಿ ಅಕ್ಕಿ ತಂದಾಗ ವಾಪಸ್ ಸುರಿದು ಬನ್ನಿ ಎಂದ ಆಯ್ದಕ್ಕಿ ಲಕ್ಕಮ್ಮನ ಕತೆ ನಮಗೆಲ್ಲ ಗೊತ್ತು. ಅದರ ಪಾಠ ಮಾಡುವಾಗಲೆಲ್ಲ ನನಗೆ ಆ ಜೇಬಿನ ತುಂಡೇ ನೆನಪಾಗುತ್ತದೆ.

ರೆಡಿಮೇಡ್ ಬಂದ ಮೇಲಿನ ಕತೆ ನಿಮಗೆಲ್ಲ ತಿಳಿದದ್ದೇ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಒಬ್ಬರು ಕಾಲರ್, ಒಬ್ಬರು ಕಫ್, ಇನ್ನೊಬ್ಬರು ತೋಳು ಕೂಡಿಸುತ್ತಾರೆ. ಕಾಜಾಕ್ಕೂ ಬೇರೆ ಯಂತ್ರ ಇದೆ. ಅಲ್ಲಿ ಕೂತವರಲ್ಲೂ ಹೆಂಗಸರೇ ಹೆಚ್ಚು. ಅಪ್ಪನಿಗೆ ಕೊನೆಕೊನೆಗೆ ಬಂದದ್ದು ಆಲ್ಟರೇಷನ್ ಕೆಲಸ. ಇನ್ಯಾರೋ ಹೊಲಿದ ಪ್ಯಾಂಟನ್ನು ಚಿಕ್ಕದು ಮಾಡುವುದು. ಪುಸ್ತಕದಲ್ಲಿ ಸಾಲುಗಳು ತೆಳ್ಳಗಾಗುತ್ತಾ ಬರುತ್ತವೆ.

ಈಗ ಕುಶಲಕರ್ಮಿಗಳಿಗೆ ಪಿಎಂ ವಿಶ್ವಕರ್ಮ ಯೋಜನೆ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದದ್ದು. 18 ಕಸುಬುಗಳಲ್ಲಿ ಟೇಲರ್‌ಗಳೂ ಸೇರಿದ್ದಾರೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, 5 ಪರ್ಸೆಂಟ್ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ಒಳ್ಳೆಯದೇ, ಅರ್ಹರು ಖಂಡಿತ ಅರ್ಜಿ ಹಾಕಿ. ಆದರೆ ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಗಂಡ ಹೆಂಡತಿ ಸೇರಿ ನಡೆಸುವ ಕಸುಬಿನಲ್ಲಿ ಅರ್ಜಿಯ ಮೇಲೆ ಯಾರ ಹೆಸರು ಹೋಗುತ್ತದೆ? ಈ ಪ್ರಶ್ನೆ ಸರ್ಕಾರಕ್ಕಷ್ಟೇ ಅಲ್ಲ, ನಮ್ಮ ನಮ್ಮ ಮನೆಗೂ ಕೇಳಿಕೊಳ್ಳಬೇಕು ಅನ್ನಿಸುತ್ತದೆ.

ಈ ಪುಸ್ತಕದ ಕೊನೆಯ ಪುಟ ನೋಡಿ. ಪೆನ್ಸಿಲ್‌ನಲ್ಲಿ ಬರೀ ಅಂಕಿಗಳು. 45, 36, 45, 27, 54, ಹೀಗೆ ಪುಟದ ತುಂಬ. ಅಪ್ಪನ ಅಕ್ಷರ ಇರಬೇಕು ಅಂದುಕೊಂಡಿದ್ದೆ. ಹೋದ ವಾರ ಅಮ್ಮನನ್ನು ಕೇಳಿದೆ. “ಅದು ನಾನು ಬರೆದದ್ದು. ಜಾತ್ರೆ ತಿಂಗಳ ಕಾಜಾ ಲೆಕ್ಕ” ಅಂದರು. ಯಾಕೆ ಬರೆದೆ ಅಮ್ಮಾ ಅಂದೆ. “ಸುಮ್ನೆ. ಎಷ್ಟಾಗುತ್ತೆ ನೋಡೋಣ ಅಂತ.” ಕೂಡಿಸಿರಲಿಲ್ಲ. ನಾವಿಬ್ಬರೂ ಕೂತು ಕೂಡಿಸಿದೆವು. ಒಂದು ಸಾವಿರದ ನೂರ ಏಳು ಬಂತು. ಅಮ್ಮ ಇನ್ನೊಮ್ಮೆ ಕೂಡಿಸು ಅಂದರು.