ಎರಡು ಕಪ್ಪು ನದಿಗಳು: ಎಡೆದೊರೆಯಿಂದ ಕಂಡ ನೆರ್ಚಿನ್‌ಸ್ಕ್ ಒಪ್ಪಂದ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ರಾಯಚೂರಿನ ಬಂಧುಗಳೇ,

ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣೆಯ ನಡುವೆ ಕರಕಲಗಡ್ಡಿ, ಮ್ಯಾದರಗಡ್ಡಿ ಎಂಬ ಸಣ್ಣ ನಡುಗಡ್ಡೆಗಳಿವೆ. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಅಲ್ಲಿನ ಕುಟುಂಬಗಳಿಗೆ ದಡದ ಸಂಪರ್ಕವೇ ಕಡಿದುಹೋಗುತ್ತದೆ. ಗಡ್ಡಿಯ ಬದುಕನ್ನು ಬಲ್ಲ ನಿಮ್ಮೆದುರು ನದಿಯನ್ನು ಗಡಿ ಮಾಡಿಕೊಂಡ ಎರಡು ದೂರದ ಸಾಮ್ರಾಜ್ಯಗಳ ಮಾತುಕತೆಯನ್ನು ವಿವರಿಸುವುದು ನನಗೆ ಸುಲಭ. ನಕ್ಷೆಯ ಮೇಲೆ ನೀಲಿ ಗೆರೆಯಾಗಿ ಕಾಣುವ ನದಿಯ ಒಳಗೆ ಮಣ್ಣಿದೆ, ಹೊಲವಿದೆ, ಮನೆಯಿದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಸಾಮ್ರಾಜ್ಯಗಳು ರಷ್ಯಾ ಮತ್ತು ಚೀನಾದ ಚಿಂಗ್ ಮನೆತನ, ನದಿ ಅಮೂರ್. ಶಿಲ್ಕಾ ಮತ್ತು ಅರ್ಗುನ್ ಎಂಬ ಎರಡು ಹೊಳೆಗಳು ಕೂಡಿ ಅಮೂರ್ ಆಗುತ್ತದೆ. ಮಂಚು ಭಾಷೆಯಲ್ಲಿ ಅದರ ಹೆಸರು 'ಸಹಾಲಿಯನ್ ಉಲಾ', ಅಂದರೆ ಕಪ್ಪು ನದಿ. ನಮ್ಮ ಕೃಷ್ಣೆಯ ಹೆಸರಿಗೂ ಅದೇ ಅರ್ಥವೆಂಬುದು ಕಾಕತಾಳೀಯವಿರಬಹುದು, ಆದರೆ ಈ ಹೋಲಿಕೆ ನನ್ನ ಮನಸ್ಸಿನಿಂದ ಎಂದೂ ದೂರವಾಗಿಲ್ಲ.

17ನೆಯ ಶತಮಾನದ ನಡುವಿನ ಹೊತ್ತಿಗೆ ತುಪ್ಪುಳು ತೊಗಲಿನ ವ್ಯಾಪಾರವನ್ನು ಬೆನ್ನಟ್ಟಿದ ರಷ್ಯನ್ ಕೊಸಾಕರು, ಅಂದರೆ ಗಡಿನಾಡಿನ ಯೋಧರು, ಸೈಬೀರಿಯಾವನ್ನು ದಾಟಿ ಅಮೂರ್ ಕಣಿವೆಗೆ ಇಳಿದರು. ಅಲ್ಲಿ ಅಲ್ಬಜಿನ್ ಎಂಬ ಕೋಟೆ ಎದ್ದಿತು. 1685ರಲ್ಲಿ ಚಿಂಗ್ ಸೈನ್ಯ ಆ ಕೋಟೆಯನ್ನು ಕೆಡವಿತಾದರೂ ಸುತ್ತಲಿನ ಬೆಳೆಯನ್ನು ಹೊಲದಲ್ಲೇ ಬಿಟ್ಟು ಹಿಂದಿರುಗಿತು. ರಷ್ಯನ್ನರು ಮರಳಿ ಬಂದು ಆ ಬೆಳೆಯನ್ನು ಕೊಯ್ದುಕೊಂಡು, ಅದೇ ಜಾಗದಲ್ಲಿ ಮತ್ತೆ ಕೋಟೆ ಕಟ್ಟಿದರು. ಮರುವರ್ಷದ ಎರಡನೆಯ ಮುತ್ತಿಗೆಯಲ್ಲಿ ಒಳಗಿದ್ದ ಸುಮಾರು 800 ಮಂದಿಯಲ್ಲಿ ಹಸಿವು, ರೋಗ, ಗುಂಡುಗಳಿಂದ ಪಾರಾಗಿ ಉಳಿದವರು ನೂರಕ್ಕೂ ಕಡಿಮೆ. ರಾಯಚೂರು, ಮುದಗಲ್ಲುಗಳ ಕೋಟೆಗೋಡೆಗಳನ್ನು ನೋಡುತ್ತ ಬೆಳೆದ ನಮಗೆ ಮುತ್ತಿಗೆಯೆಂದರೆ ಏನೆಂಬುದು ತಿಳಿದೇ ಇದೆ.

ಇಬ್ಬರೂ ಮಾತುಕತೆಗೆ ಬಂದದ್ದು ಬೇರೆ ಬೇರೆ ಒತ್ತಡಗಳಿಂದ. ಪಶ್ಚಿಮದಲ್ಲಿ ಜುಂಗಾರ್ ದೊರೆ ಗಾಲ್ದಾನ್ 1688ರಲ್ಲಿ ಮಂಗೋಲಿಯಾದ ಮೇಲೆ ಏರಿಬಂದಿದ್ದರಿಂದ, ರಷ್ಯಾ ಅವನ ಜೊತೆ ಸೇರದಂತೆ ನೋಡಿಕೊಳ್ಳುವುದು ಕಾಂಗ್‌ಶಿ ಚಕ್ರವರ್ತಿಗೆ ಅಗತ್ಯವಾಗಿತ್ತು. ಮಾಸ್ಕೋಗೆ ಅಮೂರಿನ ಕಾಡಿಗಿಂತ ಬೀಜಿಂಗ್‌ನ ಮಾರುಕಟ್ಟೆ ದೊಡ್ಡದಾಗಿ ಕಾಣುತ್ತಿತ್ತು. ರಷ್ಯಾದ ರಾಯಭಾರಿ ಫ್ಯೋದರ್ ಗೊಲೊವಿನ್ 1686ರ ಜನವರಿಯಲ್ಲಿ ಮಾಸ್ಕೋ ಬಿಟ್ಟವನು, ಚಿಂಗ್ ಪ್ರತಿನಿಧಿಗಳಾದ ಸೊಂಗ್ಗೊತು ಮತ್ತು ತುಂಗ್ ಗುವೊಗಾಂಗ್ ಅವರ ಎದುರು ಕುಳಿತದ್ದು 1689ರ ಆಗಸ್ಟಿನಲ್ಲಿ, ನೆರ್ಚಿನ್‌ಸ್ಕ್ ಎಂಬ ಗಡಿಯೂರಿನಲ್ಲಿ.

ಅವರು ಕುಳಿತ ಬಗೆಯನ್ನು ತುಸು ಹತ್ತಿರದಿಂದ ನೋಡಬೇಕು, ಏಕೆಂದರೆ ಈ ಒಪ್ಪಂದದ ಹುರುಳು ಅಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಯಲಿನಲ್ಲಿ ಎರಡು ಗುಡಾರಗಳನ್ನು ಒಂದಕ್ಕೊಂದು ತಾಗಿಸಿ ಹಾಕಿದರು. ರಷ್ಯನ್ನರ ಗುಡಾರದಲ್ಲಿ ಟರ್ಕಿಯ ರತ್ನಗಂಬಳಿ, ಮೇಜು, ಮೇಜಿನ ಮೇಲೊಂದು ಗಡಿಯಾರ. ಚಿಂಗ್ ಗುಡಾರದಲ್ಲಿ ಬರಿಯ ಬೆಂಚು. ಕಾವಲಿನವರ ಸಂಖ್ಯೆ ಎರಡೂ ಕಡೆ ಸಮ. ಯಾರೂ ಯಾರ ಗುಡಾರಕ್ಕೂ ಅತಿಥಿಯಾಗಿ ಹೋಗಲಿಲ್ಲ. ಪರದೇಶದ ದೂತರನ್ನು ಕಪ್ಪ ತಂದವರೆಂದೇ ಬರಮಾಡಿಕೊಳ್ಳುತ್ತಿದ್ದ ಬೀಜಿಂಗ್ ಆಸ್ಥಾನ ಇಲ್ಲಿ ಸಮಾನವಾಗಿ ಕುಳಿತುಕೊಳ್ಳಲು ಒಪ್ಪಿತೆಂಬುದು ಸಣ್ಣ ಮಾತಲ್ಲ.

ಇದರ ಎದುರಿಗೆ ನಮ್ಮ ನೆಲದ 1520ನೆಯ ಇಸವಿಯನ್ನು ಇಟ್ಟು ನೋಡೋಣ. ರಾಯಚೂರು ಯುದ್ಧದಲ್ಲಿ ಗೆದ್ದ ಕೃಷ್ಣದೇವರಾಯನ ಬಳಿಗೆ ಇಸ್ಮಾಯಿಲ್ ಆದಿಲ್ ಶಾಹನ ದೂತ ಬಂದಾಗ, ಆದಿಲ್ ಶಾಹನೇ ಬಂದು ತನ್ನ ಪಾದಕ್ಕೆ ಮುತ್ತಿಟ್ಟರೆ ನೆಲವನ್ನು ಮರಳಿಸುವುದಾಗಿ ರಾಯ ಹೇಳಿ ಕಳಿಸಿದನೆಂದು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಆದಿಲ್ ಶಾಹ ಬರಲಿಲ್ಲ. ಕೃಷ್ಣದೇವರಾಯನ ಬಗ್ಗೆ ನನಗಿರುವ ಅಭಿಮಾನ ನಿಮ್ಮಲ್ಲಿ ಯಾರಿಗೂ ಕಡಿಮೆಯದಲ್ಲ. ಆದರೆ ಆ ಷರತ್ತು ಮಾತುಕತೆಯ ಬಾಗಿಲನ್ನು ಮುಚ್ಚಿತೆಂಬುದನ್ನು ಒಪ್ಪಲೇಬೇಕು. ಬುಕ್ಕರಾಯನ ಕಾಲದಿಂದ 1565ರ ರಕ್ಕಸತಂಗಡಿಯವರೆಗೆ ಕೃಷ್ಣೆ-ತುಂಗಭದ್ರೆಗಳ ನಡುವಿನ ನಮ್ಮ ಎಡೆದೊರೆಗಾಗಿ ಆದ ಹೆಚ್ಚಿನ ಒಪ್ಪಂದಗಳು ಗೆದ್ದವರ ಷರತ್ತುಗಳಾಗಿದ್ದವು, ಆದ್ದರಿಂದಲೇ ಸೋತವರು ಚೇತರಿಸಿಕೊಂಡ ದಿನ ಅವು ಮುರಿದು ಬೀಳುತ್ತಿದ್ದವು.

ನೆರ್ಚಿನ್‌ಸ್ಕ್‌ನಲ್ಲಿ ಭಾಷೆಯೂ ಹಾಗೆಯೇ ತೀರ್ಮಾನವಾಯಿತು. ಚಿಂಗ್ ಕಡೆಯಲ್ಲಿ ಪೆರೇರಾ ಮತ್ತು ಝೆರ್ಬಿಯೋ ಎಂಬ ಇಬ್ಬರು ಜೆಸುಯಿಟ್ ಪಾದ್ರಿಗಳಿದ್ದರು, ರಷ್ಯಾದ ಕಡೆ ಬೆಲೊಬೊತ್ಸ್ಕಿ ಎಂಬ ದುಭಾಷಿಯಿದ್ದ. ಮಂಗೋಲ್ ಭಾಷೆಯಲ್ಲಿ ಮಾತು ಮುಂದುವರಿಸುವ ಪ್ರಯತ್ನ ಸಾಗಲಿಲ್ಲ. ಕೊನೆಗೆ ಎರಡೂ ಸಾಮ್ರಾಜ್ಯಗಳಲ್ಲಿ ಯಾರ ತಾಯ್ನುಡಿಯೂ ಅಲ್ಲದ ಲ್ಯಾಟಿನ್‌ನಲ್ಲಿ ಬರೆದ ಪ್ರತಿಗೆ ಇಬ್ಬರೂ ಮುದ್ರೆ ಒತ್ತಿದರು. ರಷ್ಯನ್ ಮತ್ತು ಮಂಚು ಪ್ರತಿಗಳು ಇದ್ದರೂ ಪ್ರಮಾಣವೆನಿಸಿದ್ದು ಲ್ಯಾಟಿನ್.

ಗಡಿಯ ಚೌಕಾಸಿ ದೊಡ್ಡ ಅಂತರದಿಂದಲೇ ಶುರುವಾಯಿತು. ಅಮೂರ್ ನದಿಯೇ ಗಡಿಯಾಗಲಿ, ಎಡದಂಡೆ ನಮ್ಮದು ಎಂದ ಗೊಲೊವಿನ್. ನೆರ್ಚಿನ್‌ಸ್ಕ್ ಕೂಡ ನಮ್ಮದೇ ಎಂದ ಸೊಂಗ್ಗೊತು. ಚಿಂಗ್ ಪಡೆ ಊರಿನ ಸುತ್ತ ಜಮಾಯಿಸಿತು, ಸ್ಥಳೀಯ ಬುಡಕಟ್ಟುಗಳು ರಷ್ಯಾದ ಕೈಬಿಡತೊಡಗಿದವು, ಗೊಲೊವಿನ್ ಇಳಿದು ಬಂದ. ಸಮಾನ ಗುಡಾರಗಳ ಹಿಂದೆ ಸಮವಲ್ಲದ ಬಲವಿತ್ತೆಂಬುದನ್ನು ಮರೆಮಾಚುವಂತಿಲ್ಲ. ಆದರೂ ನೆರ್ಚಿನ್‌ಸ್ಕ್ ಊರನ್ನು ರಷ್ಯಾಕ್ಕೆ ಬಿಟ್ಟುಕೊಡಲು ಕಾಂಗ್‌ಶಿ ಮೊದಲೇ ಅನುಮತಿ ಕೊಟ್ಟು ಕಳಿಸಿದ್ದ. ಹೊಸ ಪಂಚಾಂಗದ ಪ್ರಕಾರ 1689ರ ಸೆಪ್ಟೆಂಬರ್ 7ರಂದು ಒಪ್ಪಂದವಾಯಿತು. ಅಲ್ಬಜಿನ್ ಕೋಟೆಯನ್ನು ಕೆಡವಬೇಕೆಂದೂ ತೀರ್ಮಾನವಾಯಿತು.

ಗಡಿಯನ್ನು ಹೇಳಿದ ಕ್ರಮ ನಮ್ಮ ಬೇಸಾಯಗಾರರಿಗೆ ತಟ್ಟನೆ ಹೊಳೆಯುವಂಥದು. ಅರ್ಗುನ್ ಮತ್ತು ಗೊರ್ಬಿತ್ಸಾ ಹೊಳೆಗಳು ಒಂದಷ್ಟು ದೂರ ಗಡಿ. ಅಲ್ಲಿಂದಾಚೆ ಬೆಟ್ಟಸಾಲಿನ ನೆತ್ತಿ. ಅದರಿಂದ ದಕ್ಷಿಣಕ್ಕೆ ಇಳಿದು ಅಮೂರನ್ನು ಸೇರುವ ನೀರೆಲ್ಲ ಚಿಂಗ್‌ಗೆ, ಉತ್ತರಕ್ಕೆ ಇಳಿಯುವ ನೀರು ರಷ್ಯಾಕ್ಕೆ. ಮಳೆನೀರು ಎತ್ತ ಇಳಿಯುತ್ತದೋ ಅತ್ತಲಿನವರ ನೆಲ. ಸಮುದ್ರದ ಕಡೆಗೆ ಉದಾ ನದಿಯ ಪ್ರದೇಶದ ವಿವರ ಇಬ್ಬರಿಗೂ ಸರಿಯಾಗಿ ತಿಳಿದಿರಲಿಲ್ಲವಾದ್ದರಿಂದ ಅದನ್ನು ಮುಂದಿನ ಮಾತಿಗೆ ಬಿಟ್ಟರು. ತಿಳಿಯದ ನೆಲದ ಮೇಲೆ ಗೆರೆ ಎಳೆಯದೆ ಬಿಟ್ಟ ಆ ವಿವೇಕಕ್ಕೆ ನಾನು ತಲೆಬಾಗುತ್ತೇನೆ.

ಇನ್ನೊಂದು ಸಂಗತಿ ಓಡಿಹೋದವರದು. ಗಾಂತಿಮೂರ್ ಎಂಬ ಬುಡಕಟ್ಟು ಮುಖಂಡ ಚಿಂಗ್ ಆಶ್ರಯ ಬಿಟ್ಟು 1667ರಲ್ಲಿ ರಷ್ಯಾದ ಕಡೆ ಸೇರಿದ್ದ. ಅವನನ್ನು ಒಪ್ಪಿಸಿರೆಂದು ಬೀಜಿಂಗ್ ವರ್ಷಗಟ್ಟಲೆ ಕೇಳುತ್ತಲೇ ಇತ್ತು. 1520ರ ಯುದ್ಧಕ್ಕೂ ಇಂಥದೇ ನೆಪವಿತ್ತು. ಗೋವೆಯಲ್ಲಿ ಕುದುರೆ ಕೊಳ್ಳಲೆಂದು ರಾಯನಿಂದ ಹಣ ಪಡೆದ ಸೈಯದ್ ಮರೈಕಾರ್ ಎಂಬವನು ಆದಿಲ್ ಶಾಹನ ಕಡೆ ಓಡಿಹೋದ, ಕೇಳಿದರೂ ಅವನನ್ನು ಒಪ್ಪಿಸಲಿಲ್ಲ, ದಂಡು ಹೊರಟಿತು. ನೆರ್ಚಿನ್‌ಸ್ಕ್‌ನಲ್ಲಿ ಈ ಗಂಟನ್ನು ಒಂದು ವಾಕ್ಯದಲ್ಲಿ ಬಿಡಿಸಿದರು: ಈವರೆಗೆ ಹೋದವರು ಇದ್ದಲ್ಲೇ ಇರಲಿ, ಇನ್ನು ಮುಂದೆ ಓಡಿಬರುವವರನ್ನು ಹಿಂದಿರುಗಿಸಬೇಕು. ರಹದಾರಿ ಪತ್ರವಿದ್ದವರು ಗಡಿ ದಾಟಿ ವ್ಯಾಪಾರ ಮಾಡಲು ಅವಕಾಶವನ್ನೂ ಕೊಟ್ಟರು. ಮನುಷ್ಯರ ಓಡಾಟವನ್ನು ಹೀಗೆ ಮೊದಲೇ ಯೋಚಿಸಿದ್ದರಿಂದಲೇ ಅಮೂರ್ ಕಣಿವೆಯ ಮಟ್ಟಿಗೆ ಈ ಒಪ್ಪಂದ 169 ವರ್ಷ ನಿಂತಿತೆಂದು ನಾನು ನಂಬುತ್ತೇನೆ.

1858ರ ಐಗುನ್ ಒಪ್ಪಂದ ಇದಕ್ಕೆ ತೀರ ವಿರುದ್ಧವಾದದ್ದು. ಒಳಗಿನ ದಂಗೆ, ಹೊರಗಿನ ಯುದ್ಧಗಳಿಂದ ಚಿಂಗ್ ಕುಸಿದಿದ್ದಾಗ ಪೂರ್ವ ಸೈಬೀರಿಯಾದ ರಷ್ಯನ್ ಗವರ್ನರ್ ಜನರಲ್ ಮುರಾವ್ಯೋವ್ ಒತ್ತಾಯದಿಂದ ಸಹಿ ಪಡೆದ. ಗೊಲೊವಿನ್ ಕೇಳಿ ಸಿಗದಿದ್ದ ಗಡಿ, ಅಂದರೆ ಅಮೂರ್ ನದಿಯೇ, ಗಡಿಯಾಯಿತು. ಎಡದಂಡೆಯ ಹಳ್ಳಿಗಳ ಮಂಚು ಜನ ತಮ್ಮ ನೆಲದಲ್ಲೇ ಇರಬಹುದೆಂಬ ಮಾತು ಅದರಲ್ಲಿತ್ತು. 1900ರ ಜುಲೈನಲ್ಲಿ ಆ ಹಳ್ಳಿಗಳನ್ನು ಬರಿದು ಮಾಡಲಾಯಿತು. ಬ್ಲಾಗೊವೆಶ್ಚೆನ್‌ಸ್ಕ್ ಪಟ್ಟಣದ ಚೀನೀಯರನ್ನು ದೋಣಿಯಿಲ್ಲದೆ ನದಿಗೆ ಅಟ್ಟಿದಾಗ ಸಾವಿರಾರು ಮಂದಿ ಮುಳುಗಿ ಸತ್ತರು. ತುಂಬಿದ ಹೊಳೆಯನ್ನು ಹರಿಗೋಲಿನಲ್ಲಿ ದಾಟಿದವರಿಗೆ ಆ ದಿನದ ಭಯ ಏನಿದ್ದಿರಬಹುದೆಂದು ನಾನು ವರ್ಣಿಸಿ ಹೇಳಲಾರೆ.

ನದಿ ಗಡಿಯಾದ ಮೇಲೆ ಗಡ್ಡಿಗಳ ಪ್ರಶ್ನೆ ಬಂದೇ ಬರುತ್ತದೆ. ಅಮೂರಿನ ಉಪನದಿ ಉಸ್ಸುರಿಯ ನಡುವೆ ದಮಾನ್‌ಸ್ಕಿ ಎಂಬ, ಚೀನೀಯರು ಝೆನ್‌ಬಾವೊ ಎನ್ನುವ ಪುಟ್ಟ ದ್ವೀಪಕ್ಕಾಗಿ 1969ರ ಮಾರ್ಚಿನಲ್ಲಿ ಅಣ್ವಸ್ತ್ರ ಹೊಂದಿದ ಎರಡು ದೇಶಗಳು ಗುಂಡು ಹಾರಿಸಿಕೊಂಡವು. ಗಡಿ ದಡದಲ್ಲಿದೆಯೋ, ದೋಣಿ ಸಾಗುವ ಆಳದ ಹರಿವಿನಲ್ಲಿದೆಯೋ ಎಂಬುದೇ ಜಗಳದ ಮೂಲ. 1991ರಲ್ಲಿ ಆಳದ ಹರಿವಿನ ಸೂತ್ರಕ್ಕೆ ಎರಡೂ ಕಡೆಯವರು ಒಪ್ಪಿದರು, ದಮಾನ್‌ಸ್ಕಿ ಚೀನಾಕ್ಕೆ ಸೇರಿತು. ಖಬರೋವ್‌ಸ್ಕ್ ನಗರದ ಎದುರಿನ ದೊಡ್ಡ ದ್ವೀಪಕ್ಕೆ ಮಾತ್ರ ಆ ಸೂತ್ರ ಹೊಂದಲಿಲ್ಲ. 2004ರ ಒಪ್ಪಂದದಲ್ಲಿ ಅದನ್ನು ನಡುವೆ ಸೀಳಿ ಹಂಚಿಕೊಳ್ಳಲು ನಿರ್ಧರಿಸಿ, 2008ರ ಅಕ್ಟೋಬರ್‌ನಲ್ಲಿ ಚೀನಾದ ಪಾಲನ್ನು ಒಪ್ಪಿಸಿದರು. ಹೀಗೆ, ನದಿಯನ್ನು ಗಡಿ ಮಾಡಿಕೊಂಡು ಒಂದೂವರೆ ಶತಮಾನ ಕಳೆದ ಮೇಲೆ, ಆ ಎರಡು ದೇಶಗಳ ಗಡಿಗಲ್ಲುಗಳು ಒಂದು ಗಡ್ಡಿಯ ಮಣ್ಣಿನಲ್ಲಿ ನಿಂತಿವೆ.

ನಮಸ್ಕಾರ.